ಓಟದ ಲೆಕ್ಕವನ್ನು ಗಡಿಯಾರಕ್ಕೆ ಬಿಡಬೇಡಿ

ಬಸವಕಲ್ಯಾಣದಲ್ಲಿ ಫಜ್ರ್ ನಮಾಝ್ ಮುಗಿಸಿ ತ್ರಿಪುರಾಂತ ಕೆರೆಯ ಕಡೆ ಹೊರಟರೆ ಓಡುವ ಹುಡುಗರು ಎದುರಾಗುತ್ತಾರೆ. ಹುಮನಾಬಾದಿನಲ್ಲೂ ಹಾಗೆಯೇ. ಪೊಲೀಸ್ ಮತ್ತು ಅರೆಸೇನಾ ಪಡೆಗಳ ನೇಮಕಾತಿಗೆ ತಯಾರಿ ನಡೆಸುವವರು ಇವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಮೇಲೆ ಎದ್ದು ಬಂದ ಹಿರಿಯರೂ ಇದ್ದಾರೆ. ಅನೇಕರ ಕೈಯಲ್ಲಿ ಅಗ್ಗದ ಸ್ಮಾರ್ಟ್‌ವಾಚ್ ಇರುತ್ತದೆ, ಅದರ ಮೇಲಿನ ದೂರೂ ಬಹುತೇಕ ಒಂದೇ: "ಡಬ್ಬಿ ಮ್ಯಾಲ ನೂರು ಆಟ ಅಂತ ಬರ್ದಾರ, ಓಡ್ಲಿಕ್ಕ ಬೇಕಾದ್ದು ಒಂದೂ ಇಲ್ಲ."

ದೂರು ಸರಿಯಾಗಿಯೇ ಇದೆ. ಇಂತಹ ಹೆಚ್ಚಿನ ವಾಚುಗಳಲ್ಲಿ ಆಟದ ಹೆಸರು ಬದಲಾಗುತ್ತದೆಯೇ ಹೊರತು ಒಳಗಿನ ಲೆಕ್ಕ ಬದಲಾಗುವುದಿಲ್ಲ. ಸಮಯ, ಎದೆಬಡಿತ, ಕ್ಯಾಲೊರಿ, ಅಲ್ಲಿಗೆ ಮುಗಿಯಿತು. ಸುತ್ತು ಸುತ್ತಿನ ಸಮಯ ಬರೆದಿಡುವುದಿಲ್ಲ, ವೇಗ ಕಡಿಮೆಯಾದರೆ ಎಚ್ಚರಿಸುವುದಿಲ್ಲ. ಆದರೆ ಇಲ್ಲದ ಸೌಲಭ್ಯಕ್ಕಿಂತ ಇರುವ ಸೌಲಭ್ಯವೇ ಹೆಚ್ಚು ನಷ್ಟ ಮಾಡಬಲ್ಲದು. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಸ್ವಂತ ಜಿಪಿಎಸ್ ಇರುವ ವಾಚು ಉಪಗ್ರಹಗಳ ಸಂಕೇತದಿಂದ ದೂರವನ್ನು ಅಳೆಯುತ್ತದೆ. ಕೆಲವು ವಾಚುಗಳು ಫೋನಿನ ಜಿಪಿಎಸ್ಸನ್ನು ಎರವಲು ಪಡೆಯುತ್ತವೆ. ಫೋನು ಮನೆಯಲ್ಲಿ ಬಿಟ್ಟು ಬಂದರೆ ಆ ಸೌಲಭ್ಯವೂ ಮನೆಯಲ್ಲೇ ಉಳಿಯುತ್ತದೆ. ಆಗ ವಾಚು ಕೈಯ ಅಲುಗಾಟದಿಂದ ಹೆಜ್ಜೆ ಎಣಿಸಿ, ನಿಮ್ಮ ಎತ್ತರದಿಂದ ಊಹಿಸಿದ ಹೆಜ್ಜೆಯ ಉದ್ದಕ್ಕೆ ಗುಣಿಸುತ್ತದೆ. ಪರದೆಯ ಮೇಲೆ ಕಾಣುವ ಕಿಲೋಮೀಟರು ಅಳತೆಯಲ್ಲ, ಅಂದಾಜು.

ಅಂದಾಜು ತಪ್ಪಿದರೆ ಏನಾಗುತ್ತದೆ? ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ನಿಮ್ಮ ಹೆಜ್ಜೆ ನಿಜವಾಗಿ 1 ಮೀಟರ್ ಇದ್ದು, ವಾಚು ಅದನ್ನು 1.10 ಮೀಟರ್ ಎಂದು ಹಿಡಿದಿದೆ ಎಂದುಕೊಳ್ಳಿ. ವಾಚಿನಲ್ಲಿ 1600 ಎಂದು ಬಂದಾಗ ನೀವು ಓಡಿರುವುದು ಸುಮಾರು 1455 ಮೀಟರ್ ಮಾತ್ರ. ಅಷ್ಟಕ್ಕೆ 6 ನಿಮಿಷ 25 ಸೆಕೆಂಡ್ ಹಿಡಿದಿದ್ದರೆ ಪಾಸಾದೆ ಎಂದು ಸಂತೋಷಪಡುತ್ತೀರಿ. ಅದೇ ವೇಗದಲ್ಲಿ ನಿಜವಾದ 1600 ಮೀಟರಿಗೆ 7 ನಿಮಿಷ 3 ಸೆಕೆಂಡ್ ಬೇಕು. ತಿಂಗಳುಗಟ್ಟಲೆ ವಾಚು ಪಾಸು ಮಾಡಿದವನನ್ನು ಮೈದಾನ ಒಂದೇ ದಿನದಲ್ಲಿ ಫೇಲು ಮಾಡುತ್ತದೆ. ದಣಿದಾಗ ಹೆಜ್ಜೆ ಇನ್ನೂ ಚಿಕ್ಕದಾಗುವುದರಿಂದ ಕೊನೆಯ ಸುತ್ತಿನಲ್ಲೇ ತಪ್ಪು ಹೆಚ್ಚು. ಮಳೆಗಾಲದಲ್ಲಿ ನಮ್ಮ ಕಪ್ಪು ಮಣ್ಣು ಬೂಟಿಗೆ ಅಂಟಿದಾಗ ಕೇಳುವುದೇ ಬೇಡ.

ಇದಕ್ಕೆ ದುಬಾರಿ ವಾಚು ಪರಿಹಾರವಲ್ಲ, ಟೇಪು ಸಾಕು. ಕಟ್ಟಡ ಕೆಲಸದವರ ಬಳಿ ಇರುವ 30 ಮೀಟರ್ ಟೇಪು ಒಂದು ಬೆಳಿಗ್ಗೆಗೆ ಕೇಳಿ ತನ್ನಿ. ಶಾಲಾ ಮೈದಾನದಲ್ಲಿ ಅನುಮತಿ ಪಡೆದು 200 ಮೀಟರಿನ ಸುತ್ತು ಅಳೆದು ಸುಣ್ಣದ ಗುರುತು ಹಾಕಿ. ಹಗ್ಗದಿಂದ ಅಳೆಯಬೇಡಿ, ಎಳೆದಂತೆ ಹಿಗ್ಗುತ್ತದೆ. ಎಂಟು ಸುತ್ತು ಎಂದರೆ 1600 ಮೀಟರ್. ಪ್ರತಿ ಸುತ್ತಿಗೆ ನಿಮ್ಮ ಪಾಲು 48 ಸೆಕೆಂಡ್. ವಾಚಿನಲ್ಲಿ ಸ್ಟಾಪ್‌ವಾಚ್ ಒಂದನ್ನೇ ಬಳಸಿ. ಗೆಳೆಯನೊಬ್ಬ ಗುರುತಿನ ಬಳಿ ನಿಂತು ಪ್ರತಿ ಸುತ್ತಿನ ಸಮಯ ಕೂಗಲಿ, ಚೀಟಿಯಲ್ಲಿ ಬರೆಯಲಿ. ಮೊದಲ ಸುತ್ತು 40, ಆರನೆಯದು 58 ಎಂದು ಬಂದರೆ ಆರಂಭದಲ್ಲೇ ದಮ್ಮು ಕಳೆದುಕೊಳ್ಳುತ್ತಿದ್ದೀರಿ ಎಂದು ಆ ಚೀಟಿಯೇ ಹೇಳುತ್ತದೆ. ಕೆಲವರು ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿ ಓಡುತ್ತಾರೆ. ಪುಣೆ-ಹೈದರಾಬಾದ್ ರಸ್ತೆಯಲ್ಲಿ ಲಾರಿಗಳ ಓಡಾಟ ಬಲ್ಲವರು, ಅದೂ ಕತ್ತಲಿರುವಾಗ, ಆ ಸಾಹಸಕ್ಕೆ ಹೋಗಬಾರದು.

ಹೆಣ್ಣುಮಕ್ಕಳಿಗೆ ಅದೇ ಪರೀಕ್ಷೆಯಲ್ಲಿ 400 ಮೀಟರಿಗೆ 2 ನಿಮಿಷ ಕಾಲಾವಕಾಶವಿದೆ. ಎರಡು ಸುತ್ತು, ಸುತ್ತಿಗೆ ಒಂದು ನಿಮಿಷ. ಮೈ ಮುಚ್ಚುವ ಸಡಿಲ ಉಡುಪಿನಲ್ಲಿ, ಮನೆಯವರ ಜೊತೆಯಲ್ಲಿ ಅಭ್ಯಾಸ ಮಾಡಲು ಇದು ದೊಡ್ಡ ಅಡ್ಡಿಯಲ್ಲ. ಪ್ರವಾದಿ(ಸ)ಯವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ಮಾಡಿದ, ಒಮ್ಮೆ ಅವರು ಗೆದ್ದು ಇನ್ನೊಮ್ಮೆ ಇವರು ಗೆದ್ದ ಪ್ರಸಂಗ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಓಟ ನಮಗೆ ಹೊರಗಿನದೆಂದು ಮೂಗು ಮುರಿಯುವವರು ಅದನ್ನು ಓದಿದರೆ ಒಳ್ಳೆಯದು. ವಾಚನ್ನು ತೋಳಿನ ಬಟ್ಟೆಯ ಮೇಲೆ ಕಟ್ಟಿದರೆ ಎದೆಬಡಿತ ದಾಖಲಾಗದು, ಚರ್ಮಕ್ಕೆ ತಾಗಿರಬೇಕು.

ಎದೆಬಡಿತದ ಲೆಕ್ಕವೂ ಬೆಳಕಿನ ಆಟ. ವಾಚಿನ ಹಸಿರು ದೀಪ ಚರ್ಮದೊಳಗಿನ ರಕ್ತದ ಏರಿಳಿತವನ್ನು ಓದುತ್ತದೆ. ಓಡುವಾಗ ಕೈ ಕುಲುಕಿ ಅದಕ್ಕೆ ಗೊಂದಲವಾಗುತ್ತದೆ. ಕೆಲವೊಮ್ಮೆ ನಿಮಿಷಕ್ಕೆ 170 ಹೆಜ್ಜೆಯನ್ನೇ 170 ಬಡಿತವೆಂದು ತೋರಿಸಿಬಿಡುತ್ತದೆ. ಸಂಶಯ ಬಂದರೆ ನಿಂತ ತಕ್ಷಣ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಅದಕ್ಕೂ ಸುಲಭ ಮಾತಿನ ಪರೀಕ್ಷೆ: ಪೂರ್ತಿ ವಾಕ್ಯ ಆಡಲು ಸಾಧ್ಯವಿದ್ದರೆ ಹದವಾದ ವೇಗ, ಎರಡು ಮಾತಿಗೇ ಉಸಿರು ಸಿಕ್ಕಿಕೊಂಡರೆ ಕಠಿಣ ವೇಗ.

ಹಿರಿಯರಿಗೆ ಬೇರೆ ಎಚ್ಚರ ಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಔಷಧಿಯಿಂದಲೇ ತಗ್ಗಿರುತ್ತದೆ. ಅಂಕೆ ಕಡಿಮೆ ಇದೆಯೆಂದು ಇನ್ನಷ್ಟು ಓಡಬಾರದು. ಇನ್ಸುಲಿನ್ ಮತ್ತು ಸಕ್ಕರೆಯ ಕೆಲವು ಮಾತ್ರೆಗಳನ್ನು ಬಳಸುವವರು ಬರಿಹೊಟ್ಟೆಯಲ್ಲಿ ಓಡಿದರೆ ಸಕ್ಕರೆ ಒಮ್ಮೆಲೆ ಕುಸಿಯಬಹುದು. ನಡುಕ, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಅದರ ಲಕ್ಷಣ. ಜೇಬಿನಲ್ಲಿ ಖರ್ಜೂರವೋ ಗ್ಲೂಕೋಸೋ ಇರಲಿ. ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚುಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಎದೆ ಹಿಂಡಿದಂತಾಗಿ ದವಡೆ ಅಥವಾ ಎಡಗೈಗೆ ನೋವು ಹರಿದರೆ ಪರದೆ ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಕೊನೆಯದಾಗಿ ಪಟ್ಟಿಯ ಮಾತು. ಓಡುವಾಗ ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಓಟ ಮುಗಿದ ಮೇಲೆ ಸಡಿಲಿಸಿ. ಬಿಗಿ ಪಟ್ಟಿಯ ಅಡಿಗೆ ವುಝೂವಿನ ನೀರು ತಲುಪುವುದಿಲ್ಲ. ಮೊಣಕೈವರೆಗೆ ತೊಳೆಯುವುದು ಕಡ್ಡಾಯವಾದ್ದರಿಂದ ವಾಚು ಬಿಚ್ಚಿಯೇ ವುಝೂ ಮಾಡಬೇಕು. ಚರ್ಮಕ್ಕೂ ಇದು ಹಿತ. ಬೆವರು, ಸೋಪಿನ ಅಂಶ ಪಟ್ಟಿಯಡಿ ನಿಂತರೆ ತುರಿಕೆ, ಕೆಂಪು ಗುಳ್ಳೆ ಏಳುತ್ತವೆ. ಬಿಚ್ಚಿದಾಗ ಪಟ್ಟಿ ಮತ್ತು ವಾಚಿನ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈ ಪೂರ್ತಿ ಒಣಗಿದ ಮೇಲೆ ಕಟ್ಟಿಕೊಳ್ಳಿ. ಗುಳ್ಳೆ ಎದ್ದಿದ್ದರೆ ಮಾಯುವವರೆಗೆ ಆ ಕೈಗೆ ಕಟ್ಟಬೇಡಿ. ಸ್ಟಾಪ್‌ವಾಚು ಫೋನಿನಲ್ಲೂ ಇದೆ.