ರಕ್ತದ ಬಡತನವೂ ಅದನ್ನು ನೀಗಿಸುವ ದಿನಗಳೂ



ಮನೆಯಲ್ಲಿ ಅಕ್ಕಿ ತೀರುತ್ತಾ ಬಂದರೆ ಮಡಕೆಯ ತಳ ಕಾಣುವದು. ಬಾವಿಯಲ್ಲಿ ನೀರು ಇಳಿದರೆ ಹಗ್ಗ ಸಾಲದೆ ಹೋಗುವದು. ಆದರೆ ಹೆಂಗಸಿನ ಮೈಯಲ್ಲಿ ರಕ್ತವು ಕಡಿಮೆಯಾಗುತ್ತಾ ಬಂದರೆ ಆ ಗುರುತು ಬೇಗನೆ ಕಣ್ಣಿಗೆ ಬೀಳದು. ಆಕೆಯು ಎಂದಿನಂತೆ ನೀರು ಹೊರುತ್ತಾಳೆ, ನಾಟಿಗೆ ಹೋಗುತ್ತಾಳೆ, ಸೌದೆ ತರುತ್ತಾಳೆ. ಏದುಸಿರು ಬಂದರೆ ಬಿಸಿಲಿನ ದೆಸೆಯಿಂದ ಎನ್ನುತ್ತಾಳೆ. ತಲೆ ತಿರುಗಿದರೆ ಪಿತ್ತವೆನ್ನುತ್ತಾಳೆ. ಕಡೆಗೆ ಹೆರಿಗೆಯ ರಾತ್ರಿಯಲ್ಲಿ ಆ ಕೊರತೆಯು ಬೈಲಿಗೆ ಬರುವದು; ಆಗ ಅದನ್ನು ತುಂಬುವದಕ್ಕೆ ಸಮಯವಿರದು. ಆದಕಾರಣ ಈ ಪಾಠದಲ್ಲಿ ರಕ್ತಹೀನತೆ ಎಂಬ ರೋಗವು ಎಂಥದೆಂದೂ, ಅದನ್ನು ನೀಗಿಸುವದಕ್ಕೆ ನಮ್ಮ ಹಳ್ಳಿಗಳಲ್ಲಿ ಯಾವ ಸಹಾಯಗಳು ಏರ್ಪಟ್ಟು ಯಾವ ದಿನಗಳು ನೇಮಕವಾಗಿವೆ ಎಂದೂ ಕಲಿತುಕೊಳ್ಳೋಣ.

1. ಈ ರೋಗವು ಎಂಥದು?

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಪದಾರ್ಥಕ್ಕೆ ಹಿಮೋಗ್ಲೋಬಿನ್ ಎಂದು ಹೆಸರು. ನಾವು ಎಳೆದುಕೊಂಡ ಉಸಿರಿನಲ್ಲಿರುವ ಪ್ರಾಣವಾಯುವನ್ನು ಅಂಗಾಂಗಗಳಿಗೆ ಹೊತ್ತುಕೊಂಡು ಹೋಗುವದು ಅದರ ಕೆಲಸ. ಅದು ಉಂಟಾಗುವದಕ್ಕೆ ಕಬ್ಬಿಣದ ಅಂಶವು ಬೇಕು. ಗರ್ಭಿಣಿಯಲ್ಲದ ಸ್ತ್ರೀಯ ರಕ್ತದಲ್ಲಿ ಇದು 100 ಮಿಲಿಲೀಟರಿಗೆ 12 ಗ್ರಾಮಿಗೆ ಕಡಿಮೆಯಾಗಿರಬಾರದು. ಗರ್ಭಿಣಿಗೆ 11 ಗ್ರಾಮಿಗೆ ಕಡಿಮೆಯಾಗಿರಬಾರದು. ಗರ್ಭಿಣಿಯಲ್ಲಿ 7 ಗ್ರಾಮಿಗಿಂತ ಕೆಳಗಿಳಿದರೆ ಅದು ಕಠಿಣವಾದ ರೋಗ. ಅಂಥವಳನ್ನು ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗತಕ್ಕದ್ದು.

ಇದು ಎಲ್ಲೋ ಒಬ್ಬಿಬ್ಬರ ಕಷ್ಟವೆಂದು ಎಣಿಸಬಾರದು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರುಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಸಾಲದು. 15ರಿಂದ 19 ವರುಷದ ಹುಡುಗಿಯರಲ್ಲಿ ನೂರಕ್ಕೆ 59, ಗರ್ಭಿಣಿಯರಲ್ಲಿ ನೂರಕ್ಕೆ 52. ಅಂದರೆ ಮದುವೆಗೆ ಮುಂಚೆಯೇ ನಮ್ಮ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಬಡತನವನ್ನು ಹೊತ್ತುಕೊಂಡಿರುತ್ತಾರೆ.

2. ಇದಕ್ಕೆ ಕಾರಣಗಳೇನು?

ಮೊದಲನೆಯದು, ಊಟದ ಕ್ರಮ. ಅನೇಕ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಸೊಸೆಯು ಉಳಿದದ್ದನ್ನು ಉಣ್ಣುತ್ತಾಳೆ; ಅಷ್ಟರಲ್ಲಿ ಸೊಪ್ಪು, ಬೇಳೆ, ಮೊಟ್ಟೆ, ಮೀನು ತೀರಿಹೋಗಿ ಅನ್ನವೂ ತಿಳಿಸಾರೂ ಮಾತ್ರ ಉಳಿದಿರುತ್ತವೆ. ಎರಡನೆಯದು, ತಿಂಗಳು ತಿಂಗಳೂ ರಕ್ತ ಹೋಗುವದರಿಂದ ಸ್ತ್ರೀಯರಿಗೆ ಕಬ್ಬಿಣದ ಅಂಶವು ಹೆಚ್ಚಾಗಿ ಬೇಕಾಗುವದು. ಮೂರನೆಯದು, ಕೊಕ್ಕೆಹುಳು. ಬೈಲಿನಲ್ಲಿ ಮಲವಿಸರ್ಜನೆ ಮಾಡಿದ ನೆಲದಲ್ಲಿ ಇದರ ಮರಿಗಳಿದ್ದು, ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತವನ್ನು ಹೀರುತ್ತವೆ. ನಾಲ್ಕನೆಯದು, ಎಳೆಯ ಪ್ರಾಯದಲ್ಲಿ ಮದುವೆ, ಒಂದರ ಹಿಂದೆ ಒಂದು ಹೆರಿಗೆ. ಹುಡುಗಿಯ ಸ್ವಂತ ಮೈಯೇ ಇನ್ನೂ ಬೆಳೆಯುತ್ತಿರುವಾಗ ಮತ್ತೊಂದು ಜೀವಕ್ಕೆ ಆಕೆಯು ರಕ್ತವನ್ನು ಎಲ್ಲಿಂದ ಕೊಟ್ಟಾಳು? 2006ನೆಯ ಇಸವಿಯ ಕಾನೂನಿನಂತೆ 18 ವರುಷ ತುಂಬದ ಹುಡುಗಿಗೆ ಮದುವೆ ಮಾಡುವದು ಅಪರಾಧವಾಗಿದೆ. ಇಂಥದು ನಡೆಯುವ ಸೂಚನೆ ಕಂಡರೆ 1098 ಎಂಬ ಸಂಖ್ಯೆಗೆ ಯಾರಾದರೂ ಫೋನು ಮಾಡಬಹುದು.

3. ಹುಡುಗಿಯರಿಗೂ ಹುಡುಗರಿಗೂ ಇರುವ ಸಹಾಯ

ಸರಕಾರಿ ಶಾಲೆಗಳಲ್ಲಿ 10ರಿಂದ 19 ವರುಷದವರಿಗೆ ವಾರಕ್ಕೆ ಒಂದು ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕೊಡುವ ಏರ್ಪಾಡುಂಟು. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ದೊರೆಯುವದು. ಇದನ್ನು ಹೊಟ್ಟೆ ತುಂಬ ಉಂಡ ಮೇಲೆ ನುಂಗತಕ್ಕದ್ದು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು ನಡೆಯುತ್ತಾ ಬಂದಿದೆ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10 ಇದಕ್ಕೆ ನೇಮಕವಾದ ದಿನಗಳು. ಅಂದು 1ರಿಂದ 19 ವರುಷದವರಿಗೆ ಅಲ್ಬೆಂಡಜೋಲ್ ಎಂಬ ಮಾತ್ರೆಯನ್ನು ಶಾಲೆಯಲ್ಲಿಯೂ ಅಂಗನವಾಡಿಯಲ್ಲಿಯೂ ಜಗಿದು ನುಂಗುವದಕ್ಕೆ ಕೊಡುತ್ತಾರೆ. ಆ ದಿನ ಮಕ್ಕಳನ್ನು ಕೆಲಸಕ್ಕಾಗಿ ಮನೆಯಲ್ಲಿ ಇರಿಸಿಕೊಳ್ಳಬೇಡಿರಿ.

ಇದಲ್ಲದೆ ಹರೆಯದವರ ಆರೋಗ್ಯಕ್ಕಾಗಿ 2014ರಲ್ಲಿ ಆರಂಭವಾದ ಕಾರ್ಯಕ್ರಮದಂತೆ ಕೆಲವು ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ಸ್ಥಳಗಳುಂಟು. ತಾಯಿಯ ಸಂಗಡ ಆಡಲು ನಾಚುವ ಮಾತನ್ನು ಹುಡುಗಿಯು ಅಲ್ಲಿ ಹೇಳಿಕೊಳ್ಳಬಹುದು, ಹುಡುಗನೂ ಹೇಳಿಕೊಳ್ಳಬಹುದು.

4. ಗರ್ಭಿಣಿಯರಿಗೆ ಇರುವ ಸಹಾಯ

ಮುಟ್ಟು ನಿಂತಿತೆಂದು ತಿಳಿದ ಕೂಡಲೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡನ್ನು ಮಾಡಿಸಿಕೊಳ್ಳತಕ್ಕದ್ದು. 2016ರಿಂದ ಪ್ರತಿ ತಿಂಗಳಿನ 9ನೆಯ ತಾರೀಖಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಹಣವಿಲ್ಲದೆ ಪರೀಕ್ಷಿಸುವ ಕ್ರಮವುಂಟು. ಅಂದು ರಕ್ತವನ್ನೂ ರಕ್ತದ ಒತ್ತಡವನ್ನೂ ಮೂತ್ರವನ್ನೂ ಕೂಸಿನ ಬೆಳವಣಿಗೆಯನ್ನೂ ನೋಡುತ್ತಾರೆ. ಹೆರಿಗೆಗೆ ಮುಂಚೆ ಕಡಿಮೆಯೆಂದರೆ ನಾಲ್ಕು ಸಾರಿ ಪರೀಕ್ಷೆಯಾಗಬೇಕು.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆಯನ್ನು ನುಂಗಬೇಕು. ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ನಮ್ಮ ರಾಜ್ಯದಲ್ಲಿ 2017ನೆಯ ಅಕ್ಟೋಬರ್ 2ರಂದು ಮಾತೃಪೂರ್ಣ ಎಂಬ ಯೋಜನೆಯು ಎಲ್ಲಾ ಕಡೆಗೆ ವಿಸ್ತರಿಸಲ್ಪಟ್ಟಿತು. ಗರ್ಭಿಣಿಯೂ ಬಾಣಂತಿಯೂ ಅಂಗನವಾಡಿಯಲ್ಲಿಯೇ ಕೂತು ಮಧ್ಯಾಹ್ನ ಬಿಸಿಯೂಟವನ್ನು ಉಣ್ಣಬೇಕೆಂಬದು ಇದರ ಉದ್ದೇಶ. ಇದರಲ್ಲಿ ಒಂದು ವಿವೇಕವುಂಟು. ಮನೆಗೆ ಕಳುಹಿಸಿದ ಮೊಟ್ಟೆಯು ಯಾರ ಬಟ್ಟಲಿಗೆ ಹೋಗುವದೋ ಬಲ್ಲವರು ಬಲ್ಲರು. ಅಲ್ಲಿ ಕೂತು ತಿಂದದ್ದು ಆಕೆಯ ಹೊಟ್ಟೆಗೇ ಸೇರುವದು.

5. ಕೆಲವರ ಆಕ್ಷೇಪಣೆಗಳಿಗೆ ಉತ್ತರ

“ಮಾತ್ರೆ ತಿಂದರೆ ಕೂಸು ಬಹಳ ದೊಡ್ಡದಾಗಿ ಹೆರಿಗೆ ಕಷ್ಟವಾಗುವದು” ಎಂದು ಹಿರಿಯರು ಹೇಳುವದುಂಟು. ಹಾಗಲ್ಲ. ರಕ್ತವಿಲ್ಲದ ತಾಯಿಗೆ ತೂಕ ಕಡಿಮೆಯಾದ ಕೂಸು ಹುಟ್ಟುವ ಭಯವೇ ಹೆಚ್ಚು. “ಕೂಸು ಕಪ್ಪಾಗುವದು” ಎನ್ನುತ್ತಾರೆ. ಕಪ್ಪಾಗುವದು ಮಲ ಮಾತ್ರ, ಅದರಿಂದ ಕೆಡುಕಿಲ್ಲ. “ಹೊಟ್ಟೆ ತೊಳಸುವದು” ಎಂಬದು ಕೆಲವರಿಗೆ ನಿಜ. ಅಂಥವರು ರಾತ್ರಿ ಊಟವಾದ ಮೇಲೆ ನುಂಗಲಿ. ತಾನಾಗಿ ಬಿಟ್ಟುಬಿಡದೆ ಆಶಾ ಕಾರ್ಯಕರ್ತೆಗೆ ತಿಳಿಸಲಿ. ಚಹವನ್ನಾಗಲಿ ಕಾಫಿಯನ್ನಾಗಲಿ ಮಾತ್ರೆಯ ಸಂಗಡ ಕುಡಿಯಬಾರದು; ಅವು ಕಬ್ಬಿಣದ ಅಂಶವು ಮೈಗೆ ಹತ್ತದಂತೆ ಮಾಡುತ್ತವೆ. ನಿಂಬೆಹಣ್ಣಿನ ರಸವು ಹತ್ತುವಂತೆ ಮಾಡುವದು. ಸುಣ್ಣದ ಅಂಶದ ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಬೇಕು.

6. ಮನೆಯವರ ಕರ್ತವ್ಯ

ಹೆರಿಗೆಯಲ್ಲಿ ತಾಯಂದಿರು ಸಾಯುವದಕ್ಕೆ ಇರುವ ಕಾರಣಗಳಲ್ಲಿ ರಕ್ತಸ್ರಾವವು ಮುಖ್ಯವಾದದ್ದು. ಗಟ್ಟಿಯಾದ ಸ್ತ್ರೀಯು ತಾಳಬಹುದಾದಷ್ಟು ರಕ್ತವು ಹೋದರೂ ರಕ್ತಹೀನಳಾದವಳು ತಾಳಲಾರಳು. ಆದಕಾರಣ ಹೆರಿಗೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿರಿ. 2011ರಿಂದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಊಟ, ಬೇಕಾದರೆ ರಕ್ತ, ಹೋಗಿ ಬರುವ ವಾಹನ, ಇವೆಲ್ಲವೂ ಧರ್ಮಾರ್ಥವಾಗಿ ದೊರೆಯಬೇಕೆಂಬ ನಿಯಮವುಂಟು. ವಾಹನಕ್ಕಾಗಿ 108ಕ್ಕೆ ಫೋನು ಮಾಡಬಹುದು.

ರಕ್ತ ಕಾಣಿಸುವದು, ಕಠಿಣವಾದ ತಲೆನೋವು, ಕಣ್ಣು ಮಂಜಾಗುವದು, ಮುಖವೂ ಕೈಗಳೂ ಬಾತುಕೊಳ್ಳುವದು, ಫಿಟ್ಸು, ಜ್ವರ, ಕೂಸಿನ ಅಲುಗಾಟ ಕಡಿಮೆಯಾಗುವದು, ಇವುಗಳಲ್ಲಿ ಒಂದನ್ನು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಗಂಡನು ಊರಿಗೆ ಬರಲಿ ಎಂದೂ ಕಾಯಬಾರದು.

ಇಂಥ ಪ್ರಯಾಸಗಳು ವ್ಯರ್ಥವಲ್ಲ. 2001ರಿಂದ 2003ರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 301 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಲೆಕ್ಕದಲ್ಲಿ 97. ಆದರೆ ಉಳಿದ ಆ 97 ಮಂದಿಯೂ ಒಬ್ಬೊಬ್ಬ ಮನೆಯ ಮಗಳೇ ಅಲ್ಲವೇ?

ಗಂಡಂದಿರೇ, 9ನೆಯ ತಾರೀಖಿನಲ್ಲಿ ಹೊಲದ ಕೆಲಸವನ್ನು ಬಿಟ್ಟು ಹೆಂಡತಿಯ ಸಂಗಡ ಹೋಗಿರಿ. ಅತ್ತೆಯವರೇ, ಗರ್ಭಿಣಿಯಾದ ಸೊಸೆಗೆ ಮೊದಲು ಬಡಿಸಿರಿ. ನುಗ್ಗೆಸೊಪ್ಪು, ಹರಿವೆ, ಹುರುಳಿ, ರಾಗಿ, ಕೂಡಿದಾಗ ಮೀನು ಮಾಂಸ, ಇವು ನಮ್ಮ ಊರಿನಲ್ಲಿಯೇ ಸಿಕ್ಕುತ್ತವೆ. ಬಾವಿಯ ಕಟ್ಟೆಯಲ್ಲಿ ನಿಮ್ಮ ಮಗಳೋ ಸೊಸೆಯೋ ಕೊಡವನ್ನಿಳಿಸಿ ಉಸಿರು ತಕ್ಕೊಳ್ಳುವದನ್ನು ಕಂಡರೆ ಸೋಮಾರಿ ಎಂದು ಬೈಯುವದಕ್ಕೆ ಮುಂಚೆ ಅವಳ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಿರಿ. ಅದು ಬಿಳುಪಾಗಿದ್ದರೆ ಆಕೆಗೆ ಬೇಕಾದದ್ದು ಬೈಗಳಲ್ಲ, ಪರೀಕ್ಷೆ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಕ್ಕೆ ಕಡಿಮೆಯಾಗಬಾರದು?
2. ಕೊಕ್ಕೆಹುಳು ಮೈಯೊಳಗೆ ಹೇಗೆ ಸೇರುವದು? ಅದನ್ನು ತಡೆಯುವದಕ್ಕೆ ನಮ್ಮ ಕೇರಿಯಲ್ಲಿ ಏನು ಮಾಡಬಹುದು?
3. ಮಾತ್ರೆಯನ್ನು ಚಹದ ಸಂಗಡ ಯಾಕೆ ನುಂಗಬಾರದು?
4. ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಗುರುತುಗಳು ಯಾವವು?
5. ನಮ್ಮ ಊರಿನಲ್ಲಿ ಈಗ ಗರ್ಭಿಣಿಯರು ಎಷ್ಟು ಮಂದಿ? ಬರುವ 9ನೆಯ ತಾರೀಖಿನಲ್ಲಿ ಅವರ ಸಂಗಡ ಹೋಗುವವರು ಯಾರು?

ಕಡೆಯ ಪ್ರಶ್ನೆಗೆ ಹೆಸರು ಹೇಳಿ ಉತ್ತರಕೊಟ್ಟ ಮೇಲೆಯೇ ಕೂಟವನ್ನು ಮುಗಿಸಿರಿ.