ತುರಿಕೆಗೆಂದು ಹೋದ ದಿನ ಮೈಯೆಲ್ಲ ತೋರಿಸಿರಿ



ರಾಗಿಯ ಎಲೆ ಹಳದಿಗೆ ತಿರುಗಿದರೆ ಬಲ್ಲ ರೈತನು ಎಲೆಯೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಬುಡ ಕೆದಕಿ, ನೀರು ನಿಂತಿದೆಯೆ, ಸಾರ ಕಡಿಮೆಯಾಗಿದೆಯೆ, ಬೇರಿಗೆ ಹುಳು ಬಿದ್ದಿದೆಯೆ ಎಂದು ನೋಡುತ್ತಾನೆ. ನಮ್ಮ ಮೈಚರ್ಮವೂ ಎಲೆಯಂತೆಯೇ. ಒಳಗಿನ ಕೆಲವು ಕೇಡುಗಳು ಮೊದಲು ಅಲ್ಲಿ ಕಾಣಿಸಿಕೊಳ್ಳುತ್ತವೆ. ಆದರೂ ಕಜ್ಜಿಗೋ ಹುಳುಕಡ್ಡಿಗೋ ಆಸ್ಪತ್ರೆಗೆ ಹೋದವರು ಮುಲಾಮು ಹಿಡಿದು ಬಸ್ಸಿಗೆ ಓಡುವುದೇ ಹೆಚ್ಚು. ಒಂದು ದಿನದ ಕೂಲಿ ಬಿಟ್ಟು ಹೋದ ಮೇಲೆ ಆ ದಿನದ ಪೂರ್ಣ ಪ್ರಯೋಜನ ಪಡೆಯಬೇಕು. ಅದು ಹೇಗೆಂಬುದೇ ಈ ತಿಂಗಳ ಪಾಠ.

ಚರ್ಮ ಹೇಳುವ ಮಾತು

೧. ಪದೇ ಪದೇ ಕುರು ಏಳುವುದು, ತೊಡೆಸಂದಿಯ ಹುಳುಕಡ್ಡಿ ಮರಳಿ ಬರುವುದು, ಕಾಲಿನ ಗಾಯ ಬೇಗ ಮಾಯದಿರುವುದು, ಕುತ್ತಿಗೆಯ ಹಿಂಭಾಗ ಕಪ್ಪಾಗಿ ದಪ್ಪಗಾಗುವುದು: ಇವು ಸಕ್ಕರೆ ಕಾಯಿಲೆಯ ಸೂಚನೆಗಳಾಗಿರಬಹುದು. ಆ ಕಪ್ಪನ್ನು ಕೊಳೆಯೆಂದು ಎಷ್ಟು ಉಜ್ಜಿದರೂ ಹೋಗದು. ರಕ್ತ ಪರೀಕ್ಷೆ ಮಾಡಿಸಿರಿ. ಬರಿ ಹೊಟ್ಟೆಯಲ್ಲಿ ೧೨೬ ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ನಿಶ್ಚಯಿಸುತ್ತಾರೆ. ಕಾಯಿಲೆ ಹತೋಟಿ ತಪ್ಪಿದರೆ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗಿ, ಕಡೆಗೆ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು.

೨. ಬಣ್ಣ ತಿಳಿಯಾದ ಅಥವಾ ಕೆಂಪಾದ ಮಚ್ಚೆ, ಮುಟ್ಟಿದರೂ ಅರಿವಾಗದಿದ್ದರೆ ಕುಷ್ಠರೋಗದ ಶಂಕೆಯಿಂದ ತೋರಿಸತಕ್ಕದ್ದು. ಅದು ತುರಿಸದು, ನೋಯದು; ಆದುದರಿಂದಲೇ ಜನ ಉದಾಸೀನ ಮಾಡುತ್ತಾರೆ. ಇದು ಪೂರ್ವಜನ್ಮದ ಪಾಪವಲ್ಲ, ಶಾಪವಲ್ಲ. ಒಂದು ರೋಗಾಣುವಿನ ಕೆಲಸ. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹು ಔಷಧಿ ಚಿಕಿತ್ಸೆಯಿಂದ ಅದು ಗುಣವಾಗುತ್ತದೆ. ರೋಗದ ಬಗೆಗೆ ತಕ್ಕಂತೆ ೬ ಅಥವಾ ೧೨ ತಿಂಗಳು ಮದ್ದು. ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ತಡ ಮಾಡಿದರೆ ನರಗಳು ಕೆಟ್ಟು ಬೆರಳು ಮಡಚಿಕೊಳ್ಳುತ್ತವೆ. ರೋಗ ವಾಸಿಯಾದರೂ ಹೀಗೆ ಕೆಟ್ಟ ಕೈ ಮೊದಲಿನಂತಾಗುವುದು ಕಷ್ಟ.

೩. ಮುಖ, ಕತ್ತು, ಮೊಣಕೈ ಸಂದುಗಳಲ್ಲಿ ಉರಿ, ತುರಿಕೆ; ಹೊಲಕ್ಕೆ ಹೋದಾಗಲೆಲ್ಲ ಹೆಚ್ಚು. ಇದಕ್ಕೆ ಕಾಂಗ್ರೆಸ್ ಗಿಡ ಕಾರಣವಿರಬಹುದು. ೧೯೫೦ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಈ ಕಳೆ ಇಂದು ನಮ್ಮ ಬದುಗಳಲ್ಲೆಲ್ಲ ಇದೆ. ಹೂ ಬಿಡುವ ಮುಂಚೆ, ಕೈಚೀಲ ತೊಟ್ಟು, ತುಂಬುತೋಳಿನ ಅಂಗಿ ಹಾಕಿ, ಬೇರುಸಹಿತ ಕೀಳಿರಿ. ತುರಿಕೆ ಇರುವವರು ಕೀಳುವ ಕೆಲಸ ಮಾಡಬಾರದು. ಬೆಳೆಗೆ ಸಿಂಪಡಿಸಿದ ಔಷಧವೂ ಹೀಗೆಯೇ ಬಾಧಿಸಬಹುದು. ಅದರ ಹೆಸರಿನ ಚೀಟಿಯನ್ನು ವೈದ್ಯರಿಗೆ ತೋರಿಸಿರಿ.

೪. ಬೆಳ್ಳಿಯಂಥ ಹೊಟ್ಟು ಏಳುವ ದಪ್ಪ ಕಲೆಗಳು ಸೋರಿಯಾಸಿಸ್ ಇರಬಹುದು. ಅದು ಅಂಟುವುದಿಲ್ಲ, ಜೊತೆಯಲ್ಲಿ ಕೂತು ಉಣ್ಣಬಹುದು. ಆದರೆ ಅಂಥವರಿಗೆ ಹೃದಯದ ಕಾಯಿಲೆಯ ಸಂಭವ ಹೆಚ್ಚು. ಆದಕಾರಣ ರಕ್ತದೊತ್ತಡವನ್ನೂ ತೂಕವನ್ನೂ ನೋಡಿಸುವುದು ಅವಶ್ಯ.

ಅದೇ ದಿನ ಕೇಳಿ ಮಾಡಿಸಬೇಕಾದುವು

ರಕ್ತದೊತ್ತಡ ಏರಿದರೂ ಬಹುತೇಕ ಏನೂ ತಿಳಿಯದು. ೧೪೦/೯೦ ಅಥವಾ ಹೆಚ್ಚು ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ೩೦ ವರ್ಷ ದಾಟಿದವರಿಗೆ ಒತ್ತಡ, ಸಕ್ಕರೆ, ಬಾಯಿಯ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಎಲೆ-ಹೊಗೆಸೊಪ್ಪು, ಬೀಡಿ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿರಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಕಲೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ತಪ್ಪದೆ ತೋರಿಸಿರಿ. ಹೆಣ್ಣುಮಕ್ಕಳು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಲಿ. ಗುದ್ದಲಿ, ಕುಡುಗೋಲಿನ ಗಾಯವಾಗಿದ್ದರೆ ಧನುರ್ವಾಯು ಚುಚ್ಚುಮದ್ದಿನ ವಿಚಾರ ಕೇಳಿರಿ.

ಮಾಡಬಾರದ ಕೆಲಸ

ಅಂಗಡಿಯಲ್ಲಿ ಕೇಳಿ ತಂದ ಮಿಶ್ರ ಮುಲಾಮುಗಳಲ್ಲಿ ಅನೇಕದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ತಗ್ಗೀತು. ಆದರೆ ಹುಳುಕಡ್ಡಿ ಒಳಗೊಳಗೇ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಕಳೆಯ ತಲೆ ಸವರಿ ಬೇರು ಬಿಟ್ಟ ಹಾಗೆ. ಮನೆಯಲ್ಲಿರುವ ಹಳೆಯ ಟ್ಯೂಬನ್ನು ಆಸ್ಪತ್ರೆಗೆ ಒಯ್ದು ತೋರಿಸಿರಿ.

ಕಜ್ಜಿಯ ವಿಚಾರ

ಕಜ್ಜಿ ತರುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಬೆರಳಸಂದಿನಲ್ಲಿ ಗುಳ್ಳೆ, ರಾತ್ರಿಯ ತುರಿಕೆ ಇದರ ಗುರುತು. ಒಬ್ಬನಿಗೆ ಮದ್ದು ಮಾಡಿದರೆ ಸಾಲದು. ವೈದ್ಯರು ಕೊಟ್ಟ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ, ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿ ಬೆಳಿಗ್ಗೆ ತೊಳೆಯತಕ್ಕದ್ದು. ಒಂದು ವಾರದ ಮೇಲೆ ಇನ್ನೊಮ್ಮೆ ಹಚ್ಚಬೇಕಾಗಬಹುದು. ಹಸುಗೂಸು, ಬಸುರಿಯರಿದ್ದರೆ ಮುಂಚೆ ತಿಳಿಸಿರಿ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯಬಹುದು, ಹೆದರಬೇಕಿಲ್ಲ.

ಚರ್ಚೆಗೆ ಪ್ರಶ್ನೆಗಳು

೧. ಸ್ಪರ್ಶವಿಲ್ಲದ ಮಚ್ಚೆಯನ್ನು ತಡಮಾಡದೆ ಏಕೆ ತೋರಿಸಬೇಕು?
೨. ಕಜ್ಜಿಗೆ ಮನೆಯವರೆಲ್ಲ ಒಟ್ಟಿಗೆ ಏಕೆ ಮದ್ದು ಹಚ್ಚಬೇಕು?
೩. ನಿಮ್ಮ ಊರಿನಲ್ಲಿ ೩೦ ದಾಟಿಯೂ ರಕ್ತದೊತ್ತಡ ನೋಡಿಸದವರು ಎಷ್ಟು ಮಂದಿ? ಯುವಕ ಸಂಘದವರೂ ಮಹಿಳಾ ಮಂಡಲಿಯವರೂ ಪಟ್ಟಿ ಮಾಡಿ, ಆಶಾ ಕಾರ್ಯಕರ್ತೆಯರೊಡನೆ ದಿನ ಗೊತ್ತುಮಾಡಿಕೊಂಡು ಅವರನ್ನು ಕರೆದೊಯ್ಯಲಿ.