ಮೂಲಸಂಕೇತವೋ, ಸಿದ್ಧ ಪ್ಯಾಕೇಜೋ? ಉದ್ದಿಮೆಯ ಸರ್ವರಿಗೆ ತಂತ್ರಾಂಶ ಅಳವಡಿಸುವ ಮುನ್ನ

ಲೆಕ್ಕಪತ್ರ, ದಾಸ್ತಾನು ಹಾಗೂ ಬಿಲ್ಲುಗಳ ನಿರ್ವಹಣೆಗೆ ಲಿನಕ್ಸ್ ಸರ್ವರ್ ಬಳಸುವ ಸಣ್ಣ ಉದ್ದಿಮೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು. ತಂತ್ರಾಂಶವನ್ನು ಮೂಲಸಂಕೇತದಿಂದಲೇ ಸಿದ್ಧಪಡಿಸಿ ಅಳವಡಿಸಬೇಕೆ, ಅಥವಾ ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳು ನೀಡುವ ಸಿದ್ಧ ಪ್ಯಾಕೇಜನ್ನು ಬಳಸಬೇಕೆ? ತೀರ್ಮಾನವನ್ನು ಸಾಮಾನ್ಯವಾಗಿ ತಂತ್ರಜ್ಞರಿಗೆ ಬಿಡಲಾಗುತ್ತದೆ. ಆದರೆ ಅದರ ಫಲವನ್ನು ವರ್ಷಗಟ್ಟಲೆ ಅನುಭವಿಸುವವರು ಮಾಲೀಕರು.

ಎರಡು ವಿಧಾನಗಳು

ಮೂಲಸಂಕೇತವೆಂದರೆ ತಂತ್ರಾಂಶ ರಚನಕಾರರು ಬರೆದ ಪಠ್ಯ. ಅದನ್ನು ಇಳಿಸಿಕೊಂಡು, ಸರ್ವರಿನಲ್ಲೇ ಯಂತ್ರಭಾಷೆಗೆ ಪರಿವರ್ತಿಸಿ ಅಳವಡಿಸುವುದು ಮೊದಲನೆಯ ವಿಧಾನ. ಇಲ್ಲಿ ಬೇಕಾದ ಸೌಲಭ್ಯವನ್ನು ಸೇರಿಸಬಹುದು, ಬೇಡದ್ದನ್ನು ಬಿಡಬಹುದು. ಪರಿವರ್ತನೆಯ ಕಾರ್ಯವನ್ನು ವಿತರಣೆಯವರೇ ಪೂರೈಸಿ, ಅವಲಂಬಿತ ಭಾಗಗಳ ಪಟ್ಟಿಯೊಡನೆ ನೀಡುವುದೇ ಪ್ಯಾಕೇಜು. ಅದನ್ನು ಅಳವಡಿಸಿದಾಗ ಯಾವ ಆವೃತ್ತಿ, ಯಾವ ಕಡತ ಎಲ್ಲಿದೆ ಎಂಬುದು ಗಣಕದ ದಾಖಲೆಯಲ್ಲಿ ಸೇರುತ್ತದೆ. ಮೂಲಸಂಕೇತದಿಂದ ನೇರವಾಗಿ ಅಳವಡಿಸಿದ್ದು ಈ ದಾಖಲೆಗೆ ಬರುವುದಿಲ್ಲ. ಸ್ಟಾಕ್ ಪುಸ್ತಕದಲ್ಲಿ ನಮೂದಾಗದೆ ಗೋದಾಮು ಸೇರಿದ ಸರಕಿನಂತೆ ಅದು ಉಳಿಯುತ್ತದೆ.

ಹಾರ್ಟ್‌ಬ್ಲೀಡ್ ಕಲಿಸಿದ ಪಾಠ

ಈ ವ್ಯತ್ಯಾಸದ ಮಹತ್ವ 2014ರ ಏಪ್ರಿಲ್ 7ರಂದು ಸ್ಪಷ್ಟವಾಯಿತು. ಅಂದು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಬಹಿರಂಗಗೊಂಡಿತು. ಇದರಿಂದ ಹೊರಗಿನವರು ಒಂದು ಬಾರಿಗೆ 64 ಕಿಲೋಬೈಟ್‌ವರೆಗೆ ಸರ್ವರಿನ ಸ್ಮೃತಿಯನ್ನು ಓದಬಹುದಾಗಿತ್ತು. ಗುಪ್ತಪದಗಳೂ ಅದರಲ್ಲಿ ಸಿಗುವ ಸಾಧ್ಯತೆಯಿತ್ತು. ಡೆಬಿಯನ್ ಅಂದೇ ಸರಿಪಡಿಸಿದ ಪ್ಯಾಕೇಜನ್ನು ಹೊರತಂದಿತು. ಪ್ಯಾಕೇಜು ಬಳಸುತ್ತಿದ್ದವರಿಗೆ ದೋಷನಿವಾರಣೆ ಎಂದಿನ ನವೀಕರಣದಲ್ಲಿಯೇ ದೊರೆಯಿತು. ಸ್ವತಃ ಸಿದ್ಧಪಡಿಸಿಕೊಂಡಿದ್ದವರ ಪ್ರತಿಯನ್ನು ಆ ನವೀಕರಣ ಮುಟ್ಟಲಿಲ್ಲ; ಅವರೇ ಸುದ್ದಿ ತಿಳಿದು, ಹೊಸ ಮೂಲಸಂಕೇತ ತಂದು, ಮತ್ತೆ ಪರಿವರ್ತಿಸಬೇಕಾಯಿತು. ಅಳವಡಿಸಿದ ತಂತ್ರಜ್ಞರು ಕೆಲಸ ಬಿಟ್ಟುಹೋಗಿದ್ದರೆ ಅಂತಹ ಪ್ರತಿ ಇದೆಯೆಂಬುದನ್ನು ಹೇಳುವವರಾರು?

ಪ್ಯಾಕೇಜಿಗೂ ಮಿತಿಯುಂಟು

ಸ್ಥಿರ ವಿತರಣೆಗಳು ಹೊಸ ಆವೃತ್ತಿಗಳನ್ನು ತಡವಾಗಿ ಸೇರಿಸುತ್ತವೆ. ಆದರೆ ಈ ವಿಳಂಬವೇ ಒಮ್ಮೊಮ್ಮೆ ರಕ್ಷಣೆಯಾಗುತ್ತದೆ. ಎಕ್ಸ್‌ಜಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಅಡಗಿಸಿರುವುದು 2024ರ ಮಾರ್ಚ್ 29ರಂದು ಬಯಲಾಯಿತು. ಅದು ಡೆಬಿಯನ್‌ನ ಪರೀಕ್ಷಾ ಶಾಖೆಗಳನ್ನು ತಲುಪಿತ್ತೇ ಹೊರತು ಸ್ಥಿರ ಆವೃತ್ತಿಯನ್ನು ತಲುಪಿರಲಿಲ್ಲ. ಕಳ್ಳದಾರಿಯನ್ನು ತೆರೆಯುವ ಕೊಂಡಿಯಿದ್ದುದು ಬಿಡುಗಡೆಯಾದ ಮೂಲಸಂಕೇತದ ಕಟ್ಟಿನಲ್ಲಿಯೇ. ಆದುದರಿಂದ ಮೂಲಸಂಕೇತವೆಂದ ಮಾತ್ರಕ್ಕೆ ಅದು ಶುದ್ಧವೆಂದು ಭಾವಿಸಲಾಗದು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ದತ್ತಸಂಚಯ, ವೆಬ್ ಸರ್ವರ್, ಭದ್ರತಾ ತಂತ್ರಾಂಶಗಳಿಗೆ ಸ್ಥಿರ ವಿತರಣೆಯ ಪ್ಯಾಕೇಜನ್ನೇ ಆಯ್ದುಕೊಳ್ಳುವುದು ಲೇಸು.

2. ಹೊಸ ಆವೃತ್ತಿ ಅಗತ್ಯವಾದಲ್ಲಿ ರಚನಕಾರರೇ ಪ್ಯಾಕೇಜು ನೀಡುತ್ತಾರೆಯೇ ಎಂದು ನೋಡಬೇಕು. ಪೋಸ್ಟ್‌ಗ್ರೆಸ್ ಯೋಜನೆಯು ಡೆಬಿಯನ್ ಮತ್ತು ಉಬುಂಟುಗಳಿಗೆ ತನ್ನದೇ ಪ್ಯಾಕೇಜು ಭಂಡಾರವನ್ನು ನಡೆಸುತ್ತಿದೆ.

3. ಪ್ಯಾಕೇಜಿನಲ್ಲಿಲ್ಲದ ಸೌಲಭ್ಯವಾಗಲಿ, ಸ್ವಂತ ಮಾರ್ಪಾಡಾಗಲಿ ಅನಿವಾರ್ಯವಾದಾಗ ಮಾತ್ರ ಮೂಲಸಂಕೇತಕ್ಕೆ ಕೈಹಾಕಬೇಕು. ಆಗಲೂ ಅದನ್ನು ಸ್ವಂತ ಪ್ಯಾಕೇಜಾಗಿ ಕಟ್ಟಿಸಿ ಅಳವಡಿಸಿದರೆ ಗಣಕದ ದಾಖಲೆಯಲ್ಲಿ ಉಳಿಯುತ್ತದೆ.

4. ಆವೃತ್ತಿ, ದಿನಾಂಕ, ಆಯ್ಕೆಗಳು ಹಾಗೂ ದೋಷಸೂಚನೆಗಳನ್ನು ಗಮನಿಸುವ ಹೊಣೆ ಯಾರದೆಂಬುದನ್ನು ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.

ಮೂಲಸಂಕೇತಕ್ಕೆ ಬೆಲೆ ತೆರಬೇಕಾಗಿಲ್ಲದಿರಬಹುದು. ಅದರ ನಿರ್ವಹಣೆಗೆ ಮಾತ್ರ ವೆಚ್ಚವಿದ್ದೇ ಇದೆ. ಆ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರವೇ ಉದ್ಯಮಿಯು ತೀರ್ಮಾನಕ್ಕೆ ಬರುವುದು ಉಚಿತ.